ಪೈಪ್‌ನಿಂದ ಕೊನೆಯ ಬೈಟ್‌ವರೆಗೂ ಓದುವುದು ಹೇಗೆ?

ನಿಮ್ಮ ಸಿ ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಂ ಓಡಿಸಿ, ಅದರ ಔಟ್‌ಪುಟ್ ಓದಬೇಕು. ಸಣ್ಣಪುಟ್ಟ ಕೆಲಸಕ್ಕೆ ಪಿಓಪನ್ ಎಂಬ ಸಿದ್ಧ ಫಂಕ್ಷನ್ ಸಾಕು. ಆದರೆ ಅದು ಶೆಲ್ ಮೂಲಕ, ಅಂದರೆ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ ಮೂಲಕ ಹೋಗುತ್ತದೆ. ಬೇರೆಯವರು ಕೊಟ್ಟ ಫೈಲ್ ಹೆಸರನ್ನು ಅದರಲ್ಲಿ ಹಾಗೇ ಸೇರಿಸುವುದು ಅಪಾಯ. ಹಾಗಾಗಿ ಲಿನಕ್ಸ್‌ನಲ್ಲಿ ಪೈಪನ್ನು, ಅಂದರೆ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ದಾರಿಯನ್ನು, ನಾವೇ ಜೋಡಿಸೋಣ.

ಮೊದಲು ಪೈಪ್ ಫಂಕ್ಷನ್ ಕರೆಯಿರಿ. ಎರಡು ತುದಿ ಸಿಗುತ್ತವೆ: ಒಂದು ಓದಲು, ಒಂದು ಬರೆಯಲು. ನಂತರ ಫೋರ್ಕ್ ಕರೆಯಿರಿ: ನಿಮ್ಮ ಪ್ರೋಗ್ರಾಂ (ಪೇರೆಂಟ್) ತನ್ನದೇ ಒಂದು ನಕಲನ್ನು (ಚೈಲ್ಡ್) ಹುಟ್ಟಿಸುತ್ತದೆ. ಚೈಲ್ಡ್‌ನಲ್ಲಿ ಡಪ್2 ಬಳಸಿ ಬರೆಯುವ ತುದಿಯನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಸೇರಿಸಿ, ಮೂಲ ತುದಿಗಳೆರಡನ್ನೂ ಮುಚ್ಚಿ, ಎಕ್ಸೆಕ್ ಬಳಸಿ ಆ ಇನ್ನೊಂದು ಪ್ರೋಗ್ರಾಂ ಓಡಿಸಿ.

ಈಗ ಪೇರೆಂಟ್‌ನಲ್ಲಿ ಬರೆಯುವ ತುದಿಯನ್ನು ಕೂಡಲೇ ಮುಚ್ಚಿ. ಹೊಸಬರು ಎಡವುವುದು ಇಲ್ಲೇ. ಬರೆಯುವ ತುದಿ ಎಲ್ಲೋ ಒಂದು ತೆರೆದಿದ್ದರೂ ಸಾಕು, ಇನ್ನೂ ಡೇಟಾ ಬರಬಹುದೆಂದು ಕರ್ನಲ್ (ಲಿನಕ್ಸ್‌ನ ತಿರುಳು) ನಿಮ್ಮನ್ನು ಕಾಯಿಸುತ್ತದೆ. ಆ ತುದಿ ನಿಮ್ಮ ಕೈಯಲ್ಲೇ ಇದ್ದರೆ? ಕಾಯುವುದು ಮುಗಿಯುವುದೇ ಇಲ್ಲ, ಅಲ್ವಾ?

ಓದುವುದು ಲೂಪ್‌ನಲ್ಲೇ ಆಗಬೇಕು. ನೀವು 4096 ಬೈಟ್ ಕೇಳಿದರೂ ರೀಡ್ 10 ಬೈಟ್ ಕೊಟ್ಟು ಸುಮ್ಮನಾಗಬಹುದು. ಅದು ತಪ್ಪಲ್ಲ. ಎಷ್ಟು ಬಂತೋ ಅಷ್ಟನ್ನು ಬಫರ್‌ಗೆ ಸೇರಿಸಿ ಮತ್ತೆ ಕೇಳಿ. 0 ಬಂದರೆ ಮುಗಿಯಿತು. ಮೈನಸ್ 1 ಬಂದರೆ ದೋಷದ ಕಾರಣ ಹೇಳುವ ಎರ್‌ನೋ ನೋಡಿ. ಸಿಗ್ನಲ್ ಅಡ್ಡ ಬಂದಿದ್ದರೆ ಮತ್ತೆ ಓದಿ, ಬೇರೆ ಕಾರಣವಿದ್ದರೆ ನಿಲ್ಲಿಸಿ. ಸ್ಟ್ರಿಂಗ್‌ನ ಕೊನೆಯ ಸೊನ್ನೆ ಬೈಟನ್ನು ರೀಡ್ ಹಾಕುವುದಿಲ್ಲ. ಅದಕ್ಕೆ ಜಾಗ ಬಿಟ್ಟು ನೀವೇ ಹಾಕಿ.

ಎಲ್ಲ ಓದಿದ ಮೇಲೆಯೇ, ಚೈಲ್ಡ್ ಮುಗಿಯುವವರೆಗೆ ಕಾಯುವ ವೇಟ್‌ಪಿಡ್ ಕರೆಯಿರಿ. ಮೊದಲೇ ಕಾದರೆ ಏನಾಗುತ್ತದೆ ಎಂದು ನೀವೇ ಪರೀಕ್ಷಿಸಿ. 1ರಿಂದ ಎಣಿಸಿ ಸಂಖ್ಯೆಗಳನ್ನು ಸಾಲುಸಾಲಾಗಿ ಬರೆಯುವ ಸೆಕ್ ಕಮಾಂಡ್‌ಗೆ 10000 ಕೊಡಿ: 48,894 ಬೈಟ್, ಎಲ್ಲ ಸರಿಯಾಗಿ ಬರುತ್ತದೆ. 100000 ಕೊಡಿ: 5,88,895 ಬೈಟ್, ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಲಿನಕ್ಸ್ ಪೈಪ್ ಸಾಮಾನ್ಯವಾಗಿ ಹಿಡಿಯುವುದು 65,536 ಬೈಟ್ ಮಾತ್ರ. ಅದು ತುಂಬಿದರೆ ನೀವು ಓದಲಿ ಎಂದು ಚೈಲ್ಡ್ ಕಾಯುತ್ತದೆ, ಅದು ಮುಗಿಯಲಿ ಎಂದು ನೀವು ಕಾಯುತ್ತೀರಿ. ಚಿಕ್ಕ ಔಟ್‌ಪುಟ್‌ನಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಅದಕ್ಕೇ ದೊಡ್ಡದರಲ್ಲಿ ಪರೀಕ್ಷಿಸಿ ಎಂದು ನಾನು ಒತ್ತಿ ಹೇಳುವುದು.

ದೋಷದ ಸಂದೇಶ ಹೋಗುವ ಸ್ಟ್ಯಾಂಡರ್ಡ್ ಎರರ್‌ಗೂ ಬೇರೆ ಪೈಪ್ ಇಟ್ಟರೆ ಇದೇ ತೊಂದರೆ. ಒಂದನ್ನು ಪೂರ್ತಿ ಓದಿ ಇನ್ನೊಂದಕ್ಕೆ ಹೋಗಬೇಡಿ. ಯಾವ ಪೈಪ್‌ನಲ್ಲಿ ಡೇಟಾ ಬಂದಿದೆ ಎಂದು ತಿಳಿಸುವ ಪೋಲ್ ಬಳಸಿ ಎರಡನ್ನೂ ಒಟ್ಟಿಗೆ ಗಮನಿಸಿ.

ಕೊನೆಗೆ ವೇಟ್‌ಪಿಡ್ ಕೊಟ್ಟ ಸ್ಟೇಟಸ್ ನೋಡಲೇಬೇಕು. ಚೈಲ್ಡ್ ಅರ್ಧದಲ್ಲೇ ಕ್ರ್ಯಾಶ್ ಆದರೂ ರೀಡ್ ಕೊಡುವುದು ಅದೇ 0.