ಕೃಷಿಹೊಂಡ ಕೊನೆಗಿರಲಿ, ಮೊದಲು ಬದು ಹಾಕಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಸೀಮೆಯಲ್ಲಿ ವರ್ಷದ ಮಳೆ 500 ಮಿ.ಮೀ. ಆಸುಪಾಸು. ರಾಜ್ಯದಲ್ಲೇ ಕಡಿಮೆ ಮಳೆಯ ನೆಲ ಇದು. ಆದರೂ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ನೆಲಕ್ಕೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಎಕರೆ ಎಂದರೆ 4,047 ಚದರ ಮೀಟರ್. ಹಾಗಾಗಿ ಎಕರೆಗೆ ವರ್ಷಕ್ಕೆ 20 ಲಕ್ಷ ಲೀಟರ್, ಐದು ಎಕರೆಯ ಹೊಲಕ್ಕೆ ಒಂದು ಕೋಟಿ ಲೀಟರ್! ಇದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದೂ ನಾಲ್ಕಾರು ಬಿರುಮಳೆಯಲ್ಲಿ ಸುರಿದುಬಿಡುತ್ತದೆ. ಹೋಗುವಾಗ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ.

2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ, ಹೊಲದಲ್ಲೇ ಮಳೆನೀರು ಕೂಡಿಡುವ ಕೃಷಿಹೊಂಡದ ಹೆಸರು ಮನೆಮಾತಾಯಿತು. ಒಳ್ಳೆಯದೇ. ಆದರೆ ಜೆಸಿಬಿ ಕರೆಸಿ ಹೊಂಡ ತೋಡಿಸುವುದೇ ಮೊದಲ ಕೆಲಸ ಎಂಬ ರೂಢಿ ಮಾತ್ರ ತಲೆಕೆಳಗಾದದ್ದು. ಮೇಲಿನ ಹೊಲಕ್ಕೆ ಬದು (ಹರಿಯುವ ನೀರು ತಡೆಯುವ ಮಣ್ಣಿನ ಏರಿ) ಇಲ್ಲದಿದ್ದರೆ ಹೊಂಡ ಸೇರುವುದು ರಾಡಿ. ಕೆಲವೇ ಮಳೆಗಾಲದಲ್ಲಿ ಅರ್ಧ ಹೂಳು. ಕೆಲಸ ದಿಣ್ಣೆಯಿಂದ ಶುರುವಾಗಿ ತಗ್ಗಿಗೆ ಇಳಿಯಬೇಕು.

ಮಳೆಯಲ್ಲೇ ಹೊಲ ಸುತ್ತಿ

ಜೋರು ಮಳೆ ಬರುವಾಗ ಹೊಲಕ್ಕೆ ಹೋಗಿ. ನೀರು ಯಾರ ಹೊಲದಿಂದ, ಯಾವ ಮೂಲೆಯಿಂದ ನಿಮ್ಮ ಹೊಲಕ್ಕೆ ನುಗ್ಗುತ್ತದೆ, ಎಲ್ಲಿ ಕೊರಕಲು ಮಾಡುತ್ತದೆ, ಎಲ್ಲಿಂದ ಹೊರಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಿ. ಮೇಲೆ ಗೋಮಾಳವೋ ಗುಡ್ಡವೋ ಇದ್ದರೆ ಅಲ್ಲಿಂದ ಬರುವ ನೀರು ನಿಮ್ಮ ಬದುವನ್ನು ಒಂದೇ ಏಟಿಗೆ ಒಡೆಯಬಲ್ಲದು. ಅಲ್ಲಿ ಇಂಗುಗುಂಡಿ, ಕಂದಕ ಮಾಡಿಸುವುದು ಪಂಚಾಯಿತಿಯ ಕೆಲಸ. ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮೇಲಿನ ಹೊಲದವರೊಂದಿಗೆ ಮಾತಾಡಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ. ಬದುವಿನ ಜಗಳ ಠಾಣೆಯವರೆಗೆ ಹೋದದ್ದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ.

ಮಣ್ಣು ನೋಡಿ

ಮೊಳಕಾಲುದ್ದ ಗುಂಡಿ ತೆಗೆದು ನೋಡಿ. ಕೆಂಪು ನೆಲ ನೀರನ್ನು ಬೇಗ ಕುಡಿಯುತ್ತದೆ, ಅಲ್ಲಿ ಬದುವಿನ ಹಿಂದೆ ನೀರು ನಿಲ್ಲಿಸಬಹುದು. ಎರೆ (ಕಪ್ಪು) ನೆಲದಲ್ಲಿ ಹಾಗೆ ನಿಲ್ಲಿಸಿದರೆ ಬೆಳೆ ಕೊಳೆಯುತ್ತದೆ, ಒಣಗಿದಾಗ ಬದು ಬಿರಿದು ಮುಂದಿನ ಮಳೆಗೆ ಒಡೆಯುತ್ತದೆ. ಅಲ್ಲಿ ಬದುವಿಗೆ ತುಸು ಇಳಿಜಾರು ಕೊಟ್ಟು ಹೆಚ್ಚಿನ ನೀರನ್ನು ನಿಧಾನವಾಗಿ ಹೊರಬಿಡಬೇಕು. ವಿಜಯಪುರದ ಎರೆ ಸೀಮೆಯವರು ಮುಂಗಾರಿನಲ್ಲಿ ಹೊಲವನ್ನು ಚೌಕುಮಡಿ (ಸಣ್ಣ ಬದುಗಳ ಚೌಕ ಪಾತಿ) ಮಾಡಿ, ತೇವ ಇಂಗಿಸಿಕೊಂಡು, ಹಿಂಗಾರಿಗೆ ಜೋಳ ಬಿತ್ತುತ್ತಾರೆ. ಎರೆ ಹೊಲದವರು ಅದನ್ನೇ ಹಿಡಿಯಿರಿ. ಮುಂದೆ ಹೇಳುವ ಬದುವಿನ ಮಾತು ಕೆಂಪು ನೆಲದ್ದು.

ಸಮಪಾತಳಿ ಗೆರೆ

ಹೊಲಕ್ಕೆ ಅಡ್ಡಲಾಗಿ ಒಂದೇ ಎತ್ತರದಲ್ಲಿ ಸಾಗುವ ಗೆರೆ ಇದು, ಬದು ಬರುವುದು ಇದರ ಮೇಲೆ. ಇದನ್ನು ಹಾಕಲು ಎಂಜಿನಿಯರ್ ಬರಬೇಕೆಂದೇನಿಲ್ಲ. ಗಾರೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು 12 ಮೀಟರ್, ಆಳೆತ್ತರದ ಎರಡು ಕೋಲು, ಒಂದು ಬುಟ್ಟಿ ಸುಣ್ಣ, ಇಬ್ಬರು ಆಳು ಸಾಕು. ಎರಡೂ ಕೋಲಿಗೆ ಬುಡದಿಂದ ಸೆಂಟಿಮೀಟರ್ ಗುರುತು ಹಾಕಿ, ಪೈಪಿನ ತುದಿಗಳನ್ನು ಕೋಲುಗಳಿಗೆ ಕಟ್ಟಿ, ಬಣ್ಣದ ನೀರು ತುಂಬಿ. ಒಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಪೈಪನ್ನು ಬೆರಳಿನಿಂದ ತಟ್ಟಿ ತಟ್ಟಿ ಹೊರಡಿಸಿ. ಕೋಲುಗಳನ್ನು ಒಂದೇ ಕಡೆ ಅಕ್ಕಪಕ್ಕ ನಿಲ್ಲಿಸಿದಾಗ ಎರಡರಲ್ಲೂ ನೀರು ಒಂದೇ ಗುರುತಿನಲ್ಲಿ ನಿಂತರೆ ಸಾಧನ ಸರಿಯಾಗಿದೆ.

ಮೊದಲು ಇಳಿಜಾರು ಅಳೆಯಿರಿ. ಒಬ್ಬರು ಮೇಲೆ, ಇನ್ನೊಬ್ಬರು ನೇರ ಕೆಳಗೆ 10 ಮೀಟರ್ ದೂರದಲ್ಲಿ ನಿಲ್ಲಬೇಕು. ಎರಡು ಕೋಲಿನ ಗುರುತಿನ ವ್ಯತ್ಯಾಸ 20 ಸೆಂ.ಮೀ. ಬಂದರೆ ಇಳಿಜಾರು ಶೇ 2. ಅಂಥ ಹೊಲಕ್ಕೆ ಸುಮಾರು 40 ಮೀಟರಿಗೊಂದು ಬದು, ಶೇ 3 ಇದ್ದರೆ 30 ಮೀಟರಿಗೊಂದು.

ಬಳಿಕ ಗೆರೆ. ಮೊದಲನೆಯವರು ಕದಲದೆ ನಿಲ್ಲಲಿ. ಎರಡನೆಯವರು ಹೊಲಕ್ಕೆ ಅಡ್ಡಲಾಗಿ ಹೋಗಿ, ನೀರು ಎರಡೂ ಕಡೆ ಒಂದೇ ಗುರುತಿಗೆ ಬರುವ ತನಕ ಮೇಲೆ ಕೆಳಗೆ ಸರಿದು ನಿಂತು, ಅಲ್ಲೊಂದು ಸುಣ್ಣದ ಚುಕ್ಕೆ ಇಡಲಿ. ಈಗ ಹಿಂದಿನವರು ಅವರನ್ನು ದಾಟಿ ಮುಂದೆ ಹೋಗಲಿ. ನಡೆಯುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಳ್ಳುವುದು ಮರೆತರೆ ನೀರು ಚೆಲ್ಲಿ ಮತ್ತೆ ಮೊದಲಿನಿಂದ! ಚುಕ್ಕೆಗಳನ್ನು ಸೇರಿಸಿದಾಗ ಗೆರೆ ಹಾವಿನಂತೆ ಬಳುಕಿದರೆ ಗಾಬರಿ ಬೇಡ. ತೀರಾ ಚೂಪು ತಿರುವುಗಳನ್ನು ಮಾತ್ರ ಸ್ವಲ್ಪ ನೇರ ಮಾಡಿಕೊಳ್ಳಿ, ಇಲ್ಲವಾದರೆ ಟ್ರ್ಯಾಕ್ಟರ್ ತಿರುಗದು.

ಬದು, ಕಂದಕ, ಕೋಡಿ

ಗೆರೆಯ ಮೇಲ್ಬದಿಯಲ್ಲಿ ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಕಂದಕ ತೆಗೆದು, ಆ ಮಣ್ಣನ್ನು ಗೆರೆಯ ಮೇಲೆ ಹಾಕಿ. ಕಂದಕದ ಮಣ್ಣು ಸಾಲದಿದ್ದರೆ ಅದೇ ಬದಿಯಿಂದ ಇನ್ನಷ್ಟು ತೆಗೆಯಿರಿ. ಬುಡ ಐದಾರು ಅಡಿ, ಎತ್ತರ ಎರಡರಿಂದ ಎರಡೂವರೆ ಅಡಿ ಇರಲಿ; ಪದರ ಪದರವಾಗಿ ಹಾಕಿ ತುಳಿಸಿ. ಕಂದಕ ಒಂದೇ ಕಾಲುವೆಯಾಗಬಾರದು. 10–15 ಅಡಿಗೊಮ್ಮೆ ಒಂದಿಷ್ಟು ನೆಲವನ್ನು ಅಗೆಯದೆ ಬಿಟ್ಟರೆ ನೀರು ಓಡದೆ ಅಲ್ಲಲ್ಲೇ ಇಂಗುತ್ತದೆ.

ಕೋಡಿ ಬಿಡದ ಬದು ಉಳಿಯುವುದಿಲ್ಲ. ಬರದ ಸೀಮೆಯಲ್ಲಿ ಇಷ್ಟೆಲ್ಲ ಮಳೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. 1933ರಲ್ಲಿ ಕೋಡಿ ಬಿದ್ದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ವರ್ಷ ಯಾವಾಗ ಬರುತ್ತದೆಂದು ಹೇಳಿ ಬರುವುದಿಲ್ಲ. ಬದುವಿನ ಒಂದು ಕೊನೆಯಲ್ಲಿ, ಅದರ ತಲೆಮಟ್ಟಕ್ಕಿಂತ ಒಂದು ಅಡಿಯಾದರೂ ತಗ್ಗಿನಲ್ಲಿ, ಕಲ್ಲು ಜೋಡಿಸಿ ದಾರಿ ಬಿಡಿ. ನೀರು ಬೀಳುವ ಜಾಗಕ್ಕೂ ಕಲ್ಲು ಹಾಸಿ. ಬದುವಿನ ಮೇಲೆ ಲಾವಂಚ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಹಚ್ಚಿದರೆ ಮಣ್ಣೂ ಹಿಡಿಯುತ್ತದೆ, ಸೊಪ್ಪೂ ಸಿಗುತ್ತದೆ.

ಬದು ಹಾಕಿದ ಮೇಲೆ ಉಳುಮೆ, ಬಿತ್ತನೆ ಎಲ್ಲವೂ ಅದರ ಗುಂಟ, ಇಳಿಜಾರಿಗೆ ಅಡ್ಡ. ಶೇಂಗಾದ ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದನ್ನು ತಪ್ಪಿಸಬೇಡಿ. ಶೇಂಗಾ ಕೈಕೊಟ್ಟ ವರ್ಷವೂ ತೊಗರಿ ಒಂದಿಷ್ಟು ಕೊಟ್ಟೀತು.

ಈಗ ಹೊಂಡ

ಹೊಲದ ತಗ್ಗು ಮೂಲೆಯಲ್ಲಿ, ಕೋಡಿ ನೀರು ಬಂದು ಸೇರುವಲ್ಲಿ ಹೊಂಡ. 12×12 ಮೀಟರ್, ಆಳ 3 ಮೀಟರ್, ಬದಿಗಳು ಇಳಿಜಾರು ಇದ್ದರೆ ಹಿಡಿಯುವುದು ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆಗೆ 25 ಮಿ.ಮೀ. ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಅಂದರೆ ತುಂಬಿದ ಹೊಂಡ ಎಂದರೆ ಒಂದು ಎಕರೆಗೆ ಎರಡು ಸಲ, ಇಲ್ಲವೇ ಎರಡು ಎಕರೆಗೆ ಒಂದು ಸಲ. ಶೇಂಗಾ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಆಗಲೇ ಬಳಸಿಬಿಡಿ. ಬೇಸಿಗೆಗೆ ಇರಲಿ ಎಂದು ಕೂಡಿಡುವುದು ವ್ಯರ್ಥ: ಈ ಸೀಮೆಯ ಬಿಸಿಲು ಗಾಳಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ಹೊಂಡದ ಅರ್ಧ ಆಳ ಅದು.

ಕೆಂಪು ನೆಲದಲ್ಲಿ ಹೊಂಡಕ್ಕೆ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ. ಸುತ್ತ ಬೇಲಿ ಕಡ್ಡಾಯ. ಹಾಳೆ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾರದು. ಹಿಡಿದುಕೊಳ್ಳಲು ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ. ನೀರು ಒಳಬರುವ ಬಾಯಲ್ಲಿ ಎರಡು ಮೀಟರ್ ಚೌಕದ ಹೂಳುಗುಂಡಿ ಇರಲಿ.

ಇಷ್ಟು ಮಾಡಿ ಅಡಿಕೆ ಇಟ್ಟರೆ? ಹನಿ ನೀರಾವರಿಯಲ್ಲೂ ಒಂದು ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್. ಎಕರೆಗೆ 540 ಗಿಡ ಎಂದರೆ ದಿನಕ್ಕೆ ಒಂಬತ್ತು–ಹತ್ತು ಸಾವಿರ ಲೀಟರ್. ತುಂಬಿದ ಹೊಂಡ ಒಂದು ತಿಂಗಳೂ ಬಾರದು, ಮಳೆಯಿಲ್ಲದ ಉಳಿದ ತಿಂಗಳಿಗೆಲ್ಲ ಕೊಳವೆಬಾವಿಯೇ ಗತಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಅಡಿಕೆ ತೋಟ ನೋಡಿ ಆಸೆಪಡುವ ಮೊದಲು ಈ ಲೆಕ್ಕ ಮಾಡಿ. ಗಿಡ ಬೇಕೇ ಬೇಕೆಂದರೆ ಬದುಗುಂಟ ಹುಣಸೆ, ಸೀತಾಫಲ ನೆಡಿ. ಬೇರು ಹಿಡಿಯುವ ತನಕ ಕೊಡದಲ್ಲಿ ನೀರು ಹಾಕಿದರೆ ಸಾಕು.

ಕೆಲಸವನ್ನು ಏಪ್ರಿಲ್–ಮೇನಲ್ಲಿ ಮುಗಿಸಿ. ಮೊದಲ ದೊಡ್ಡ ಮಳೆಯ ಮರುದಿನವೇ ಸನಿಕೆ ಹಿಡಿದು ಪ್ರತಿ ಬದುವಿನ ಉದ್ದಕ್ಕೂ ನಡೆಯಿರಿ. ಇಲಿಬಿಲ, ಬಿರುಕು, ಕುಸಿದ ಜಾಗ ಕಂಡರೆ ಅಂದೇ ಮುಚ್ಚಿ. ಹೂಳುಗುಂಡಿಯಲ್ಲಿ ಕೂತ ಮಣ್ಣನ್ನು ಎಸೆಯಬೇಡಿ, ಬುಟ್ಟಿಯಲ್ಲಿ ಹೊತ್ತು ಮೇಲಿನ ಹೊಲಕ್ಕೇ ಹಾಕಿ.