ಅಡಿಕೆ ದರದ ಪುಟಕ್ಕೆ ಅನಿಮೇಷನ್ ಲೈಬ್ರರಿ ಆರಿಸಿದ್ದು ಹೀಗೆ

ನಮ್ಮ ಕಡೆಯ ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪಿಗೆ ನಾನು ದರದ ಪುಟ ನೋಡಿಕೊಳ್ಳುತ್ತೇನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಮಾರುಕಟ್ಟೆಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಯ ಅಡಿಕೆ ಕ್ವಿಂಟಾಲಿಗೆ ಎಷ್ಟಕ್ಕೆ ನಡೆಯಿತು ಅಂತ ತೋರಿಸುವ ಪುಟ. ದರ ಬದಲಾದಾಗ ಸಾಲುಗಳು ಮೇಲೆ ಕೆಳಗೆ ಜರುಗಿ ತಮ್ಮ ಹೊಸ ಜಾಗಕ್ಕೆ ಹೋಗಬೇಕು. ಅನಿಮೇಷನ್ ಅಂತ ಇರುವುದು ಅಷ್ಟೇ. ಆದರೆ ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಸಾಲು ಸರಕ್ಕನೆ ಜಾಗ ಬದಲಿಸಿದರೆ, ಬೆಟ್ಟೆ ನೋಡುತ್ತಿದ್ದ ಕಣ್ಣು ಸರಕಿನ ದರ ಓದಿಬಿಡುತ್ತದೆ. ಎರಡರ ನಡುವೆ ಸಾವಿರಗಟ್ಟಲೆ ರೂಪಾಯಿ ವ್ಯತ್ಯಾಸ ಇರುತ್ತದೆ.

ಹಳೆಯ ಪುಟ ಜೆಕ್ವೆರಿ ಎನ್ನುವ ಲೈಬ್ರರಿಯಲ್ಲಿತ್ತು. ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಾವು ಪುಟಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡು. ತೀರ್ಥಹಳ್ಳಿ ಕಡೆ ತೋಟ ಇರುವ ನಮ್ಮ ದೊಡ್ಡಪ್ಪ ಒಮ್ಮೆ ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ಎಂತದಾ ಇದು, ನಿಂತು ನಿಂತು ಹೋಗ್ತದಲ್ಲ" ಅಂದರು.

"ಬೇರೆ ಲೈಬ್ರರಿ ಹಾಕ್ಬೇಕು ದೊಡ್ಡಪ್ಪ. ಯಾವುದು ಒಳ್ಳೇದು ಅಂತ ನೋಡ್ತಾ ಇದ್ದೀನಿ."

"ಯಾವುದಾದ್ರೂ ಹಾಕು. ನನ್ನ ಫೋನಲ್ಲಿ ನೋಡಿ ಹಾಕು."

ಅವರು ಹೇಳಿದ್ದೇ ಸರಿ. ಲೈಬ್ರರಿಗಳನ್ನು ಹೋಲಿಸುವ ಪುಟಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಸಾವಿರಾರು ಚುಕ್ಕಿಗಳು ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ಓಡಾಡುತ್ತವೆ. ನನಗೆ ಬೇಕಾದದ್ದು ಒಂದು ಪಟ್ಟಿ, ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನು, ಆಷಾಢದ ಮಳೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲು. ಹಾಗಾಗಿ ಪರೀಕ್ಷೆಯನ್ನು ನಾನೇ ಕಟ್ಟಿಕೊಂಡೆ.

ಹೋಲಿಕೆಗೆ ಇಟ್ಟುಕೊಂಡದ್ದು ಐದು. ಹಳೆಯ ಜೆಕ್ವೆರಿ. ಗ್ರೀನ್‌ಸಾಕ್‌ನವರ ಜಿಸ್ಯಾಪ್. ಅನಿಮೆ ಜೆಎಸ್. ಮೊದಲು ಫ್ರೇಮರ್ ಮೋಷನ್ ಅಂತ ಇದ್ದು, 2024ರಲ್ಲಿ ಬರೀ ಮೋಷನ್ ಆದ ಲೈಬ್ರರಿ. ಕೊನೆಗೆ ಯಾವ ಲೈಬ್ರರಿಯೂ ಇಲ್ಲದೆ ಬ್ರೌಸರಿನಲ್ಲೇ ಇರುವ ವೆಬ್ ಅನಿಮೇಷನ್ಸ್ ಎಪಿಐ, ಅಂದರೆ ಚಲನೆ ಮಾಡಿಸಲು ಬ್ರೌಸರೇ ಕೊಡುವ ಸೌಲಭ್ಯ. ಇದು ಕ್ರೋಮಿಗೆ 2014ರಲ್ಲೇ ಬಂತು, ಸಫಾರಿಗೆ ಪೂರ್ತಿಯಾಗಿ ಬರುವಾಗ 2020 ಆಗಿತ್ತು. ಈಗ ಎಲ್ಲ ಕಡೆ ಇದೆ.

ಐದಕ್ಕೂ ಒಂದೇ ಪುಟ, ಒಂದೇ ಪಟ್ಟಿ, ಒಂದೇ ಅವಧಿ, ಒಂದೇ ಈಸಿಂಗ್ (ಚಲನೆ ಎಲ್ಲಿ ವೇಗ, ಎಲ್ಲಿ ನಿಧಾನ ಎನ್ನುವುದು). ನಮ್ಮ ನಿಜವಾದ ಪುಟದಲ್ಲಿ ಸಾಲು 50ರ ಒಳಗೆ. ಪರೀಕ್ಷೆಗೆ 300 ಇಟ್ಟೆ, ಸ್ವಲ್ಪ ಹಿಂಡಿದರೆ ತಾನೇ ಗುಣ ಗೊತ್ತಾಗುವುದು. ಫೋನು ಶಿವಮೊಗ್ಗ ಪೇಟೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡು, 3 ಜಿಬಿ ರ‍್ಯಾಮಿನದು. ಲ್ಯಾಪ್‌ಟಾಪಿನಲ್ಲೇ ಕ್ರೋಮ್ ಬ್ರೌಸರಿನೊಳಗೇ ಇರುವ ಪರೀಕ್ಷೆಯ ಸಾಧನ ಡೆವ್‌ಟೂಲ್ಸ್ ತೆರೆದು ಸಿಪಿಯು ವೇಗವನ್ನು ನಾಲ್ಕರಲ್ಲೊಂದು, ಆರರಲ್ಲೊಂದು ಪಾಲಿಗೆ ಇಳಿಸಿ ನೋಡಬಹುದು. ಅಂದಾಜಿಗೆ ಅದು ಸಾಕು. ಆದರೆ ಫೋನಿನ ಗ್ರಾಫಿಕ್ಸ್ ಚಿಪ್ಪು, ಮೆಮೊರಿ, ಬಿಸಿಯೇರುವ ಗುಣ ಇವೆಲ್ಲ ಅದರಲ್ಲಿ ಬರುವುದಿಲ್ಲ.

ಬಿಸಿಯ ವಿಷಯ ಸಣ್ಣದಲ್ಲ. ಕೇಬಲ್ ಹಾಕಿ ಲ್ಯಾಪ್‌ಟಾಪಿನಿಂದ ಡೀಬಗ್ ಮಾಡಿದರೆ, ಅಂದರೆ ಫೋನಿನ ಪುಟವನ್ನು ಅಲ್ಲಿಂದ ಪರೀಕ್ಷಿಸಿದರೆ, ಫೋನು ಚಾರ್ಜ್ ಆಗುತ್ತಾ ಬಿಸಿಯಾಗುತ್ತದೆ, ಬಿಸಿಯಾದರೆ ಪ್ರೊಸೆಸರ್ ತಾನೇ ನಿಧಾನ ಮಾಡಿಕೊಳ್ಳುತ್ತದೆ. ಹಾಗಾದಾಗ ಮೊದಲು ಓಡಿಸಿದ ಲೈಬ್ರರಿ ಗೆದ್ದಂತೆ, ಕೊನೆಯದು ಸೋತಂತೆ ಕಾಣುತ್ತದೆ. ಆಂಡ್ರಾಯ್ಡ್ 11ರಿಂದ ಕೇಬಲ್ ಇಲ್ಲದೆ ವೈಫೈಯಲ್ಲೇ ಡೀಬಗ್ ಮಾಡಬಹುದು. ಹಾಗೆ ಮಾಡಿದೆ. ಜೊತೆಗೆ ಪ್ರತಿ ಸುತ್ತಿನಲ್ಲೂ ಲೈಬ್ರರಿಗಳ ಸರದಿ ಅದಲುಬದಲು ಮಾಡಿದೆ, ನಡುವೆ ಫೋನಿಗೆ ತಣ್ಣಗಾಗಲು ಬಿಡುವು ಕೊಟ್ಟೆ. ಬ್ಯಾಟರಿ ಸೇವರ್ ಆನ್ ಮಾಡಿಯೂ ನೋಡಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ನಮ್ಮೂರಲ್ಲಿ ಅರ್ಧ ಜನ ಅದನ್ನು ಹಾಕಿಯೇ ಇರುತ್ತಾರೆ.

ಇನ್ನು ಅಳತೆ. ನನ್ನ ಪ್ರಕಾರ ಹೆಚ್ಚಿನ ಹೋಲಿಕೆಗಳು ದಾರಿ ತಪ್ಪುವುದು ಇಲ್ಲೇ.

ಪರದೆ 60 ಹರ್ಟ್ಸ್ ಆಗಿದ್ದರೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಿದರೆ, ಒಂದು ಫ್ರೇಮಿಗೆ (ಒಂದು ಚಿತ್ರಕ್ಕೆ) ಸಿಗುವುದು 16.7 ಮಿಲಿಸೆಕೆಂಡ್. ಎಲ್ಲರೂ ಮಾಡುವುದು ಏನೆಂದರೆ, ಪ್ರತಿ ಫ್ರೇಮಿಗೆ ಮೊದಲು ನಮ್ಮ ಕೋಡನ್ನು ಕರೆಯುವ ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ ಹಾಕಿ, ಒಂದು ಸಲ ಕರೆ ಬಂದದ್ದಕ್ಕೂ ಮುಂದಿನ ಸಲಕ್ಕೂ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ, ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬರೆಯುವುದು. ಇದರಲ್ಲಿ ಎರಡು ತೊಂದರೆ ಇದೆ. ಒಂದು, ಸರಾಸರಿ ಎನ್ನುವುದು ಎಡವಿದ್ದನ್ನು ಮುಚ್ಚಿಹಾಕುತ್ತದೆ. ಒಂದು ಸೆಕೆಂಡಿನಲ್ಲಿ ಐದು ಫ್ರೇಮ್ ಅಲ್ಲೊಂದು ಇಲ್ಲೊಂದು ಬಿದ್ದುಹೋದರೂ ಸರಾಸರಿ 55, ಐದೂ ಒಟ್ಟಿಗೇ ಬಿದ್ದರೂ 55. ಮೊದಲನೆಯದು ಕಣ್ಣಿಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಎರಡನೆಯದನ್ನೇ ದೊಡ್ಡಪ್ಪ "ನಿಂತು ನಿಂತು ಹೋಗ್ತದೆ" ಅಂದದ್ದು. ಹಾಗಾಗಿ ನಾನು ಸರಾಸರಿ ಬಿಟ್ಟು, ಅತಿ ಉದ್ದದ ಫ್ರೇಮ್ ಯಾವುದು, 50 ಮಿಲಿಸೆಕೆಂಡ್ ದಾಟಿದವು ಎಷ್ಟು ಅಂತ ನೋಡಿದೆ.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಆ ಎಣಿಕೆ ನಡೆಯುವುದು ಮೇನ್ ಥ್ರೆಡ್‌ನಲ್ಲಿ, ಅಂದರೆ ಪುಟದ ಜಾವಾಸ್ಕ್ರಿಪ್ಟ್ ಕೋಡು ಒಂದರ ಹಿಂದೊಂದು ಓಡುವ ಮುಖ್ಯ ದಾರಿಯಲ್ಲಿ. ಆದರೆ ವೆಬ್ ಅನಿಮೇಷನ್ಸ್ ಎಪಿಐಯಲ್ಲೋ ಸಿಎಸ್‌ಎಸ್‌ನಲ್ಲೋ (ಪುಟದ ರೂಪ ಹೇಳುವ ಭಾಷೆ) ಟ್ರಾನ್ಸ್‌ಫಾರ್ಮ್, ಅಂದರೆ ಉಳಿದದ್ದರ ಜಾಗ ಕದಲಿಸದೆ ಒಂದನ್ನಷ್ಟೇ ಸರಿಸಿ ತೋರಿಸುವ ಗುಣ, ಓಡಿಸಿದರೆ, ಬ್ರೌಸರ್ ಅದನ್ನು ಕಂಪಾಸಿಟರ್ ಎನ್ನುವ ಬೇರೆ ಥ್ರೆಡ್‌ಗೆ ಒಪ್ಪಿಸುತ್ತದೆ. ಮೇನ್ ಥ್ರೆಡ್ ಪೂರ್ತಿ ನಿಂತರೂ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ಎಣಿಸುವ ಕೋಡು ಮಾತ್ರ ಮೇನ್ ಥ್ರೆಡ್ ಜೊತೆ ತಾನೂ ನಿಂತು, ಆಮೇಲೆ "ಫ್ರೇಮ್ ಬಿತ್ತು" ಅಂತ ಬರೆಯುತ್ತದೆ. ಪರದೆಯ ಮೇಲೆ ಬಿದ್ದಿರುವುದೇ ಇಲ್ಲ!

ಇದಕ್ಕೆ ನಾನು ಕಂಡುಕೊಂಡ ದಾರಿ ಇನ್ನೊಂದು ಫೋನು. ಅದರಲ್ಲಿ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ಪರೀಕ್ಷೆಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಅಂದರೆ ಪರದೆಯ ಒಂದು ಫ್ರೇಮಿಗೆ ವಿಡಿಯೋದ ನಾಲ್ಕು ಚಿತ್ರ. ಟ್ರೈಪಾಡಿಗೆ ಫೋನ್ ಸಿಕ್ಕಿಸಿ ರೆಕಾರ್ಡ್ ಮಾಡಿ, ಆಮೇಲೆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಾ ನೋಡಬೇಕು. "ಗೊರಬಲು" ಸಾಲಿನ ಕೆಳಗಿನ ಗೆರೆಯ ಮೇಲೆ ಕಣ್ಣಿಟ್ಟೆ. ನಾಲ್ಕು ಚಿತ್ರ ಒಂದೇ ಜಾಗ, ಆಮೇಲೆ ಒಂದು ಹೆಜ್ಜೆ. ಮತ್ತೆ ನಾಲ್ಕು, ಮತ್ತೊಂದು ಹೆಜ್ಜೆ. ಗೆರೆ ಎಂಟು ಚಿತ್ರ ಅಲ್ಲೇ ನಿಂತಿತು ಅಂದರೆ ಒಂದು ಫ್ರೇಮ್ ಹೋಯಿತು ಅಂತ ಲೆಕ್ಕ. ಕೂತು ಮಾಡುವ ಕೆಲಸ, ಬೇಜಾರೂ ಆಗುತ್ತದೆ. ಆದರೆ ನೋಡುವವನ ಕಣ್ಣಿಗೆ ಏನು ಬಿತ್ತೋ ಅದೇ ಅಳತೆಗೆ ಸಿಗುತ್ತದೆ. ಪರದೆ 90 ಹರ್ಟ್ಸ್ ಇದ್ದರೆ ಮೊದಲು ಸೆಟ್ಟಿಂಗಿನಲ್ಲಿ 60ಕ್ಕೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಭಾಗಾಕಾರ ಸರಿ ಕೂರುವುದಿಲ್ಲ.

ಈಗ ನಿಜವಾದ ಪರೀಕ್ಷೆಗೆ ಬರೋಣ. ಸುಮ್ನೆ ಸಾಲುಗಳನ್ನು ಮಾತ್ರ ಜರುಗಿಸಿದರೆ ಜೆಕ್ವೆರಿ ಬಿಟ್ಟು ಉಳಿದ ನಾಲ್ಕೂ ಚೆನ್ನಾಗಿಯೇ ಓಡಿದವು. ಅವುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಆದರೆ ನಮ್ಮ ಪುಟದಲ್ಲಿ ಹಾಗೆ ಸುಮ್ನೆ ಜರುಗುವ ಹೊತ್ತೇ ಇಲ್ಲ. ದರದ ಫೈಲ್ ಬಂದು, ಅದನ್ನು ಬಿಡಿಸಿ, ಪಕ್ಕದಲ್ಲಿ ವಾರದ ಗ್ರಾಫ್ ಬರೆಯುವ ಹೊತ್ತಿಗೇ ಸಾಲುಗಳೂ ಜರುಗಬೇಕು. ಆದ್ದರಿಂದ ಅನಿಮೇಷನ್ ನಡುವೆ ಬೇಕಂತಲೇ 200 ಮಿಲಿಸೆಕೆಂಡ್ ಮೇನ್ ಥ್ರೆಡ್ ಹಿಡಿದು ನಿಲ್ಲಿಸುವ ಒಂದು ಲೂಪ್ ಹಾಕಿದೆ.

ಅಲ್ಲಿಗೆ ಐದೂ ಎರಡು ಗುಂಪಾದವು. ಜೆಕ್ವೆರಿ, ಜಿಸ್ಯಾಪ್, ಅನಿಮೆಯ ಸಾಮಾನ್ಯ ಎಂಜಿನ್ ಮೂರೂ ಗಕ್ಕನೆ ನಿಂತು, ಆಮೇಲೆ ಮುಂದಕ್ಕೆ ಹಾರಿದವು. ಇವೆಲ್ಲ ಪ್ರತಿ ಫ್ರೇಮಿಗೂ ಜಾವಾಸ್ಕ್ರಿಪ್ಟಿನಲ್ಲೇ ಲೆಕ್ಕ ಹಾಕುವವು, ಜಾವಾಸ್ಕ್ರಿಪ್ಟ್ ನಿಂತರೆ ಇವೂ ನಿಲ್ಲಲೇಬೇಕು. ವೆಬ್ ಅನಿಮೇಷನ್ಸ್ ಎಪಿಐ ನಿಲ್ಲಲಿಲ್ಲ. ವಿಡಿಯೋದಲ್ಲಿ ನಾಲ್ಕು ಚಿತ್ರಕ್ಕೊಂದು ಹೆಜ್ಜೆ ತಪ್ಪದೆ ಸಾಲು ತನ್ನ ಜಾಗಕ್ಕೆ ಹೋಯಿತು. 2025ರಲ್ಲಿ ಬಂದ ಅನಿಮೆ 4ರಲ್ಲಿ ಇದೇ ಎಪಿಐ ಬಳಸುವ ಬೇರೊಂದು ಮಾಡ್ಯೂಲ್ ಇದೆ. ಅದನ್ನು ಹಾಕಿದಾಗ ಅದೂ ನಿಲ್ಲಲಿಲ್ಲ.

ಮೋಷನ್ ವಿಷಯ ಸ್ವಾರಸ್ಯ. ಅದರಲ್ಲಿ ಸಾಲನ್ನು ಕೆಳಗೆ ಜರುಗಿಸಲು "ವೈ" ಅಂತ ಚಿಕ್ಕದಾಗಿ ಬರೆಯಬಹುದು, ಇಲ್ಲವೇ ಪೂರ್ತಿ "ಟ್ರಾನ್ಸ್‌ಫಾರ್ಮ್" ಅಂತ ಬರೆಯಬಹುದು. ಚಿಕ್ಕದು ಮೇನ್ ಥ್ರೆಡ್‌ನಲ್ಲಿ ಓಡುತ್ತದೆ, ದೊಡ್ಡದು ಕಂಪಾಸಿಟರ್‌ನಲ್ಲಿ. ಲೈಬ್ರರಿ ಅದೇ, ಚಲನೆ ಅದೇ, ಬರೆದ ರೀತಿ ಮಾತ್ರ ಬೇರೆ. ಒಂದು ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ಮೋಷನ್ ವೇಗವೋ ನಿಧಾನವೋ ಅಂತ ಯಾರಾದರೂ ಕೇಳಿದರೆ, ನೀವು ಹೇಗೆ ಬರೆದಿದ್ದೀರಿ ಅಂತ ನಾನು ಮೊದಲು ಕೇಳುತ್ತೇನೆ.

ಜಿಸ್ಯಾಪ್‌ನಲ್ಲಿಯೂ ಗೊತ್ತಿರಬೇಕಾದ ಒಂದು ಗುಟ್ಟಿದೆ. ಎರಡು ಫ್ರೇಮಿನ ನಡುವೆ 500 ಮಿಲಿಸೆಕೆಂಡಿಗಿಂತ ಜಾಸ್ತಿ ಅಂತರ ಬಿದ್ದರೆ, ಅದು ಬರೀ 33 ಮಿಲಿಸೆಕೆಂಡ್ ಕಳೆಯಿತು ಅಂತಲೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ತಡೆಯನ್ನು 600ಕ್ಕೆ ಏರಿಸಿದಾಗ ಸಾಲು ಮುಂದಕ್ಕೆ ಹಾರಲಿಲ್ಲ. ನಿಂತಲ್ಲಿಂದಲೇ ನಯವಾಗಿ ಮುಂದುವರಿದು, ಒಟ್ಟು ಸಮಯ ಮಾತ್ರ ಜಾಸ್ತಿ ತೆಗೆದುಕೊಂಡಿತು. ನೋಡುವವರಿಗೆ ಇದು ಒಳ್ಳೆಯದೇ. ಆದರೆ ಹೋಲಿಸುವವನು ಇದನ್ನು ತಿಳಿಯದಿದ್ದರೆ, 200ಕ್ಕೆ ಹಾರಿದ್ದು 600ಕ್ಕೆ ಯಾಕೆ ಹಾರಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾನೆ.

ಜೆಕ್ವೆರಿ ಯಾಕೆ ಮೊದಲೇ ಹಿಂದೆ ಬಿತ್ತು? ಅದರ ಅನಿಮೇಟ್ ಎನ್ನುವ ಆಜ್ಞೆ ಟ್ರಾನ್ಸ್‌ಫಾರ್ಮನ್ನು ಮುಟ್ಟುವುದೇ ಇಲ್ಲ. ಟಾಪ್, ಲೆಫ್ಟ್, ಹೈಟ್ ಇಂಥ ಜಾಗ, ಅಳತೆ ಹೇಳುವವನ್ನೇ ಬದಲಿಸುತ್ತದೆ. ಡೆವ್‌ಟೂಲ್ಸ್ ರೆಕಾರ್ಡಿಂಗಿನಲ್ಲಿ ಇದು ಬಣ್ಣದಲ್ಲೇ ಗೊತ್ತಾಗುತ್ತದೆ. ಹಳದಿ ಸ್ಕ್ರಿಪ್ಟು, ನೇರಳೆ ಲೇಔಟು (ಯಾವುದು ಎಲ್ಲಿ ಅಂತ ಲೆಕ್ಕ ಹಾಕುವುದು), ಹಸಿರು ಪೇಂಟು (ಬಣ್ಣ ತುಂಬುವುದು). ಜೆಕ್ವೆರಿ ಓಡುವಾಗ ಪ್ರತಿ ಫ್ರೇಮಿನಲ್ಲೂ ನೇರಳೆ ಪಟ್ಟಿ ಉದ್ದಕ್ಕೆ ಮಲಗಿರುತ್ತದೆ. 300 ಸಾಲಿನ ಜಾಗವನ್ನು ಬ್ರೌಸರ್ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತಿರುತ್ತದೆ. ಜಿಸ್ಯಾಪ್‌ಗೆ ಬೇಕಂತಲೇ ಟಾಪ್ ಕೊಟ್ಟು ನೋಡಿದೆ. ಅದೂ ಜೆಕ್ವೆರಿಯ ಹಾಗೇ ಜರ್ಕ್ ಹೊಡೆಯಿತು. ಟ್ರಾನ್ಸ್‌ಫಾರ್ಮ್ ಕೊಟ್ಟ ಕೂಡಲೇ ನೇರಳೆ ಮಾಯ. ಲೈಬ್ರರಿ ಬದಲಿಸಿದ್ದಕ್ಕಿಂತ ಈ ಒಂದು ಪದ ಬದಲಿಸಿದ್ದರಿಂದ ಆದ ಲಾಭ ದೊಡ್ಡದು.

ಸಾಲುಗಳನ್ನು ಜರುಗಿಸಲು ನಾನು ಬಳಸಿದ್ದು ಫ್ಲಿಪ್ ವಿಧಾನ, ಆಗ ಗೂಗಲ್‌ನಲ್ಲಿದ್ದ ಪಾಲ್ ಲೂಯಿಸ್ 2015ರಲ್ಲಿ ಹೆಸರಿಟ್ಟು ಬರೆದದ್ದು. ಮೊದಲು ಎಲ್ಲ ಸಾಲಿನ ಹಳೆಯ ಜಾಗ ಅಳೆಯಿರಿ. ಪಟ್ಟಿಯನ್ನು ಹೊಸ ಕ್ರಮಕ್ಕೆ ತನ್ನಿ. ಹೊಸ ಜಾಗ ಅಳೆಯಿರಿ. ಸಾಲನ್ನು ಟ್ರಾನ್ಸ್‌ಫಾರ್ಮಿನಿಂದ ಹಳೆಯ ಜಾಗದಲ್ಲೇ ಇರುವಂತೆ ತೋರಿಸಿ, ಅಲ್ಲಿಂದ ಸೊನ್ನೆಗೆ ಓಡಿಸಿ. ಅಳೆಯುವುದೆಲ್ಲ ಒಟ್ಟಿಗೆ, ಬದಲಿಸುವುದೆಲ್ಲ ಒಟ್ಟಿಗೆ ಇರಬೇಕು. ಒಂದು ಅಳೆದು ಒಂದು ಬದಲಿಸಿ, ಮತ್ತೊಂದು ಅಳೆದು ಮತ್ತೊಂದು ಬದಲಿಸಿ ಅಂತ ಹೋದರೆ ಪ್ರತಿ ಅಳತೆಗೂ ಲೇಔಟ್ ಹೊಸದಾಗಿ ನಡೆಯುತ್ತದೆ. ಆಗ ಯಾವ ಲೈಬ್ರರಿಯೂ ಕಾಪಾಡುವುದಿಲ್ಲ.

ಕಂಪಾಸಿಟರ್ ಅಂದ ಕೂಡಲೇ ಎಲ್ಲವನ್ನೂ ಅದಕ್ಕೆ ಹೊರಿಸುವುದೂ ಸರಿಯಲ್ಲ. ಅಲ್ಲಿಗೆ ಹೋಗುವ ಪ್ರತಿ ಸಾಲಿಗೂ ಒಂದು ಪದರ, ಪ್ರತಿ ಪದರಕ್ಕೂ ಮೆಮೊರಿ. ಒಂದು ಸಾಲು 720 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರ ಅಂತಿಟ್ಟುಕೊಳ್ಳಿ. ಪಿಕ್ಸೆಲಿಗೆ 4 ಬೈಟ್. ಒಂದಕ್ಕೆ ಸುಮಾರು 360 ಕೆಬಿ ಆಯಿತು. 300 ಸಾಲಿಗೆ 100 ಎಂಬಿಗಿಂತ ಜಾಸ್ತಿ. ಬ್ರೌಸರ್ ಅಷ್ಟನ್ನೂ ಒಮ್ಮೆಗೇ ಹಿಡಿದಿಡುವುದಿಲ್ಲ, ನಿಜ. ಆದರೂ 3 ಜಿಬಿ ಫೋನಿನಲ್ಲಿ 300 ಸಾಲನ್ನೂ ಒಟ್ಟಿಗೆ ಶುರು ಮಾಡಿದಾಗ ಮೊದಲ ಫ್ರೇಮ್ ತಡವಾಗುವುದು ವಿಡಿಯೋದಲ್ಲಿ ಚೆನ್ನಾಗಿಯೇ ಕಂಡಿತು. ಜಿಸ್ಯಾಪ್ ಅಲ್ಲಿ ಹಗುರವಾಗಿ ಎದ್ದಿತು. ಆಮೇಲೆ ಪರದೆಯಲ್ಲಿ ಕಾಣುವ ಸಾಲುಗಳನ್ನು ಮಾತ್ರ ಜರುಗಿಸಿ, ಉಳಿದವನ್ನು ಸುಮ್ಮನೆ ಹೊಸ ಜಾಗದಲ್ಲಿ ಕೂರಿಸಿದೆ. ಆ ತೊಂದರೆ ಹೋಯಿತು. ಕಾಣದ್ದನ್ನು ಓಡಿಸಿ ಏನು ಪ್ರಯೋಜನ, ಅಲ್ವಾ?

ಇನ್ನು ತೂಕ, ಅಂದರೆ ಫೈಲಿನ ಗಾತ್ರ. ಜೆಕ್ವೆರಿ ಕುಗ್ಗಿಸಿ ಕಳಿಸಿದರೂ ಸುಮಾರು 30 ಕೆಬಿ. ಜಿಸ್ಯಾಪ್ ಅದಕ್ಕಿಂತ ಸ್ವಲ್ಪ ಕಡಿಮೆ. ವೆಬ್ ಅನಿಮೇಷನ್ಸ್ ಎಪಿಐಗೆ ಸೊನ್ನೆ, ಬ್ರೌಸರಿನಲ್ಲೇ ಇದೆ. ಪೇಟೆಯಲ್ಲಿ ಕೂತವರಿಗೆ ಇದು ಲೆಕ್ಕಕ್ಕಿಲ್ಲ. ಹೊಸನಗರದಾಚೆ ಗುಡ್ಡದ ಮರೆಯ ಮನೆಯಲ್ಲಿ, ಸುಲಿಯುತ್ತಾ ಕೂತವರು ಚೊಗರು ಹತ್ತಿದ ಬೆರಳಲ್ಲಿ ಪುಟ ತೆರೆದಾಗ ಲೆಕ್ಕಕ್ಕಿದೆ.

ಕೊನೆಗೆ ದರದ ಪುಟಕ್ಕೆ ಲೈಬ್ರರಿ ಹಾಕಲೇ ಇಲ್ಲ. ಫ್ಲಿಪ್ ಮತ್ತು ವೆಬ್ ಅನಿಮೇಷನ್ಸ್ ಎಪಿಐ, ಎರಡೂ ಸೇರಿ ಒಂದು ಪುಟ್ಟ ಫೈಲ್. ಜಿಸ್ಯಾಪ್ ಸೋತಿತು ಅಂತ ನಾನು ಹೇಳುತ್ತಿಲ್ಲ. ಒಂದಾದ ಮೇಲೊಂದು ಹತ್ತಾರು ಚಲನೆ ಹೆಣೆಯಬೇಕು, ನಡುವೆ ನಿಲ್ಲಿಸಬೇಕು, ಹಿಂದಕ್ಕೆ ಓಡಿಸಬೇಕು, ಸ್ಕ್ರಾಲಿಗೆ ಕಟ್ಟಬೇಕು ಅಂದರೆ ಅದರ ಟೈಮ್‌ಲೈನಿನಷ್ಟು ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. 2025ರಿಂದ ಅದರ ಪ್ಲಗಿನ್‌ಗಳೆಲ್ಲವೂ ಉಚಿತ. ಆಗುಂಬೆ ಕಡೆಯ ಒಂದು ಹೋಮ್‌ಸ್ಟೇ ಪುಟಕ್ಕೆ ಈಗಲೂ ಅದನ್ನೇ ಹಾಕಿದ್ದೇನೆ. ಅಲ್ಲಿ ಅನಿಮೇಷನ್ ನಡೆಯುವಾಗ ಮೇನ್ ಥ್ರೆಡ್‌ಗೆ ಬೇರೆ ಕೆಲಸ ಇಲ್ಲ.

ದೊಡ್ಡಪ್ಪನ ಫೋನಿನಲ್ಲಿ ಹೊಸ ಪುಟ ತೆರೆದಾಗ ಮಾತ್ರ ಸಾಲುಗಳು ಜರುಗಲೇ ಇಲ್ಲ, ನೇರ ಹೊಸ ಜಾಗದಲ್ಲಿ ಕೂತವು. ನೋಡಿದರೆ ಅವರ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಅನಿಮೇಷನ್ ತೆಗೆದುಹಾಕಿ ಎನ್ನುವುದು ಆನ್ ಆಗಿತ್ತು. ನಮ್ಮ ಕೋಡು ಅದನ್ನು ಕೇಳಿಕೊಂಡೇ ಓಡುತ್ತದೆ. ಯಾರೋ ಹುಡುಗರು ಹಳೆಯ ಪುಟದ ಕಾಟಕ್ಕೆ ಆನ್ ಮಾಡಿಕೊಟ್ಟಿದ್ದರಂತೆ. ಆ ಸೆಟ್ಟಿಂಗ್ ಬೇಕೆಂದೇ ಇಟ್ಟುಕೊಂಡವರೂ ಇರುತ್ತಾರೆ, ಓಡಾಡುವ ಪರದೆ ನೋಡಿದರೆ ತಲೆ ಸುತ್ತುವವರಿದ್ದಾರೆ. ಅವರು ತಪ್ಪು ಸಾಲು ಓದಬಾರದಲ್ಲ. ಅಂಥವರ ಫೋನಿನಲ್ಲಿ ಜಾಗ ಬದಲಿಸಿದ ಸಾಲಿಗೆ ಈಗ ತಿಳಿ ಹಳದಿ ಹಿನ್ನೆಲೆ ಬರುತ್ತದೆ, ಪಕ್ಕದಲ್ಲಿ "ಈಗ ಬದಲಾಗಿದೆ" ಅಂತ ಒಂದು ನಿಮಿಷ ಇರುತ್ತದೆ. ದೊಡ್ಡಪ್ಪನನ್ನು ಕೇಳಿದೆ, ಅವರು ಸೆಟ್ಟಿಂಗ್ ಹಾಗೇ ಇರಲಿ ಅಂದರು.