ಕುದಿಸದೆ ಹಾಲಿನ ಸೂಕ್ಷ್ಮಾಣು ಕೊಲ್ಲುವುದು ಹೇಗೆ?

ಶಿರಸಿ, ಸಿದ್ದಾಪುರದ ಕಡೆ ಬೆಳಿಗ್ಗೆ ಕರೆದ ಹಾಲು ಘಟ್ಟ ಇಳಿದು ಕುಮಟಾ, ಕಾರವಾರದ ಸೆಕೆಗೆ ಬಂದರೆ ಬೇಗ ಕೆಡುತ್ತದೆ. ಅದಕ್ಕೇ ಡೈರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ 15 ಸೆಕೆಂಡು ಬಿಸಿ ಮಾಡಿ, ತಕ್ಷಣ ತಂಪು ಮಾಡುತ್ತಾರೆ. ಇದಕ್ಕೆ ಪಾಶ್ಚರೀಕರಣ ಎನ್ನುತ್ತಾರೆ. ಇಷ್ಟು ಬಿಸಿ ಇಲ್ಲದೆ, ವಿದ್ಯುತ್ತಿನ ಪೆಟ್ಟಿನಿಂದಲೇ ಸೂಕ್ಷ್ಮಾಣು ಕೊಲ್ಲುವ ವಿಧಾನವೂ ಇದೆ. ಹೆಸರು ಪಲ್ಸ್ಡ್ ಎಲೆಕ್ಟ್ರಿಕ್ ಫೀಲ್ಡ್, ಚಿಕ್ಕದಾಗಿ ಪಿಇಎಫ್.

ಮೊದಲೇ ಹೇಳಿಬಿಡುತ್ತೇನೆ. ಮನೆಯ ಕರೆಂಟಿನ ತಂತಿಯನ್ನು ಹಾಲಿಗೆ ಇಳಿಸಿ ನೋಡಲು ಹೋಗಬೇಡಿ. ಜೀವ ಹೋಗುತ್ತದೆ. 230 ವೋಲ್ಟ್ ಈ ಕೆಲಸಕ್ಕೆ ಸಾಲುವುದೂ ಇಲ್ಲ, ಹಾಲು ಸುಮ್ನೆ ಬಿಸಿಯಾಗುತ್ತದೆ ಅಷ್ಟೇ. ಇದು ಪ್ರಯೋಗಾಲಯದ, ಕಾರ್ಖಾನೆಯ ಕೆಲಸ.

ಅಲ್ಲಿ ಮೊದಲು ಹಾಲನ್ನು ಸೋಸಿ, ಅದರೊಳಗಿನ ಗಾಳಿ ತೆಗೆಯುತ್ತಾರೆ. ಈ ಹೆಜ್ಜೆಯನ್ನು ಹಗುರವಾಗಿ ನೋಡಬಾರದು. ಒಂದು ಗುಳ್ಳೆ ಉಳಿದರೂ ಅಲ್ಲಿ ಕಿಡಿ ಹಾರಬಹುದು. ಆಮೇಲೆ ಹಾಲನ್ನು 40–50 ಡಿಗ್ರಿಗೆ ಬೆಚ್ಚಗೆ ಮಾಡುವುದುಂಟು. ಬೆಚ್ಚಗಿದ್ದರೆ ಸೂಕ್ಷ್ಮಾಣುವಿನ ಪೊರೆ ಮೆತ್ತಗಾಗಿ ಬೇಗ ಸೋಲುತ್ತದೆ.

ಮುಂದಿನದೇ ಮುಖ್ಯ ಕೆಲಸ. ಎರಡು ಲೋಹದ ವಿದ್ಯುದ್ವಾರಗಳ ನಡುವಿನ ಸಣ್ಣ ಕಿಂಡಿಯಲ್ಲಿ ಹಾಲು ಹರಿಯುತ್ತದೆ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗೆ 20ರಿಂದ 40 ಸಾವಿರ ವೋಲ್ಟ್ ಬೇಕು. ಕಿಂಡಿ 3 ಮಿಲಿಮೀಟರ್ ಇದ್ದು, ಸೆಂಟಿಮೀಟರಿಗೆ 30 ಸಾವಿರ ಬೇಕೆಂದರೆ 9 ಸಾವಿರ ವೋಲ್ಟ್ ಕೊಡಬೇಕು. ಆದರೆ ಒಂದೊಂದು ಪೆಟ್ಟು ಇರುವುದು ಕೆಲವೇ ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಅಷ್ಟರಲ್ಲೇ ಬ್ಯಾಕ್ಟೀರಿಯಾದ ಪೊರೆಯ ಎರಡು ಬದಿಗಳ ನಡುವೆ ಒಂದು ವೋಲ್ಟಿಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಪೊರೆಯಲ್ಲಿ ತೂತು ಬೀಳುತ್ತದೆ, ಒಳಗಿನದು ಹೊರಗೆ ಸೋರುತ್ತದೆ. ಪೆಟ್ಟು ಸಾಲದಿದ್ದರೆ ತೂತು ಮತ್ತೆ ಮುಚ್ಚಿಕೊಂಡು ಅದು ಬದುಕಿಬಿಡುತ್ತದೆ! ಆದ್ದರಿಂದ ಒಂದೇ ಪೆಟ್ಟಿಗೆ ನಿಲ್ಲಿಸದೆ ಸಾಲಾಗಿ ಹಲವು ಕೊಡುತ್ತಾರೆ. ಗಾತ್ರ ದೊಡ್ಡದಿರುವ ಯೀಸ್ಟ್ ಬೇಗ ಸಾಯುತ್ತದೆ, ಸಣ್ಣ ಬ್ಯಾಕ್ಟೀರಿಯಾ ಜಾಸ್ತಿ ಹೊತ್ತು ತಡೆಯುತ್ತದೆ.

ಪೆಟ್ಟು ತಿಂದ ಹಾಲು ತುಸು ಬಿಸಿಯಾಗಿರುತ್ತದೆ. ಕೂಡಲೇ 4 ಡಿಗ್ರಿಗೆ ಇಳಿಸಿ, ಶುದ್ಧ ಪ್ಯಾಕೆಟ್ಟಿಗೆ ತುಂಬಬೇಕು.

ಇಷ್ಟಾದರೂ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರುವ ರೂಪಗಳು, ಸಾಯುವುದಿಲ್ಲ. ಹಾಗಾಗಿ ಫ್ರಿಜ್ ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮೂರುಗಳಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ತೊಡಕು ಪರೀಕ್ಷೆಯದು. ಹಾಲು ಸರಿಯಾಗಿ ಪಾಶ್ಚರೀಕರಣ ಆಗಿದೆಯೇ ಎಂದು ತಿಳಿಯಲು ಡೈರಿಗಳು ಹಾಲಿನಲ್ಲೇ ಇರುವ ಫಾಸ್ಫಟೇಸ್ ಎಂಬ ಕಿಣ್ವ ನೋಡುತ್ತವೆ. ಬಿಸಿ ಸರಿಯಾಗಿ ತಾಗಿದ್ದರೆ ಅದು ನಾಶವಾಗಿರುತ್ತದೆ. ಆದರೆ ಆ ಕಿಣ್ವ ಪಿಇಎಫ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಸೂಕ್ಷ್ಮಾಣುಗಳನ್ನೇ ಬೆಳೆಸಿ ಎಣಿಸಿ ನೋಡಬೇಕು.

ನನ್ನ ಕೇಳಿದರೆ, ನಮ್ಮ ಜಿಲ್ಲೆಯಲ್ಲಿ ಇದನ್ನು ಹಾಲಿಗಿಂತ ಮೊದಲು ಮುರುಗಲು ರಸದಲ್ಲಿ ಪ್ರಯತ್ನಿಸಬೇಕು. ಅಷ್ಟು ಹುಳಿಯಲ್ಲಿ ಹೆಚ್ಚಿನ ಬೀಜಕಗಳು ಮೊಳೆಯುವುದಿಲ್ಲ. ಹೊರದೇಶಗಳಲ್ಲಿ ಹಣ್ಣಿನ ರಸಕ್ಕೆ ಪಿಇಎಫ್ ಈಗಾಗಲೇ ಬಳಕೆಯಲ್ಲಿದೆ. ಮನೆಗೆ ತಂದ ಹಸಿ ಹಾಲನ್ನಂತೂ ಚೆನ್ನಾಗಿ ಕಾಯಿಸಿಯೇ ಕುಡಿಯಿರಿ.